ಶತ್ರುವಿನ ತಾಯಿ ಅಳುವುದನ್ನು ನೋಡಿದ ಊರು

ಕೇಳುಗರಿಗೆಲ್ಲ ನಮಸ್ಕಾರ.

ಕ್ರಿಸ್ತಪೂರ್ವ 472ರ ವಸಂತಕಾಲ. ಅಥೆನ್ಸ್ ನಗರದಲ್ಲಿ ಡಯೊನೈಸಸ್ ದೇವರ ದೊಡ್ಡ ಹಬ್ಬ. ಅಕ್ರೊಪೊಲಿಸ್ ಗುಡ್ಡದ ದಕ್ಷಿಣದ ಇಳಿಜಾರಿನಲ್ಲಿ ಸಾವಿರಾರು ಜನ ನಾಟಕ ನೋಡಲು ಕೂತಿದ್ದಾರೆ. ಅವರ ಬೆನ್ನ ಹಿಂದೆ, ಗುಡ್ಡದ ನೆತ್ತಿಯಲ್ಲಿ, ಎಂಟು ವರ್ಷದ ಹಿಂದೆ ಪರ್ಷಿಯದ ಸೈನ್ಯ ಬೆಂಕಿಯಿಟ್ಟ ದೇವಾಲಯಗಳು ಇನ್ನೂ ಪಾಳಾಗಿಯೇ ನಿಂತಿವೆ. ಆ ಬೆಂಕಿ ಹತ್ತಿದ ವರ್ಷವೇ ಸಾಲಮಿಸ್ ದ್ವೀಪದ ಬಳಿ ಕಡಲಕಾಳಗ ನಡೆದು ಪರ್ಷಿಯದ ನೌಕಾಪಡೆ ಮುರಿದುಬಿತ್ತು. ಅಂದು ಹಡಗುಗಳಲ್ಲಿ ಹುಟ್ಟು ಹಾಕಿದವರೇ ಇಂದು ಪ್ರೇಕ್ಷಕರಾಗಿ ಕೂತಿದ್ದಾರೆ.

ರಂಗದ ಮೇಲೆ ಏನು ಕಾಣುತ್ತದೆ? ಶತ್ರುವಿನ ರಾಜಧಾನಿ ಸೂಸಾ. ಮಗನನ್ನು ಯುದ್ಧಕ್ಕೆ ಕಳಿಸಿ, ಕೆಟ್ಟ ಕನಸು ಕಂಡು ತಳಮಳಿಸುತ್ತಿರುವ ರಾಜಮಾತೆ. ದೂತ ಓಡಿಬಂದು ಸೋಲಿನ ಸುದ್ದಿ ಹೇಳುತ್ತಾನೆ. ಸತ್ತ ಪರ್ಷಿಯನ್ ನಾಯಕರ ಹೆಸರುಗಳನ್ನು ಒಂದಾದ ಮೇಲೊಂದು ಹೇಳುತ್ತ ಹೋಗುತ್ತಾನೆ. ನೀರಲ್ಲಿ ಮುಳುಗುತ್ತಿದ್ದವರನ್ನು ಗ್ರೀಕರು ಮುರಿದ ಹುಟ್ಟುಗಳಿಂದ, ಬಲೆಗೆ ಸಿಕ್ಕಿದ ಮೀನನ್ನು ಬಡಿದ ಹಾಗೆ ಬಡಿದರು ಎನ್ನುತ್ತಾನೆ. ಕೊನೆಗೆ ಅವಳ ಮಗ, ದೊರೆ ಜರ್ಕ್ಸೀಸ್, ಹರಿದ ಬಟ್ಟೆಯಲ್ಲಿ ಒಬ್ಬನೇ ಬಂದು ನಿಲ್ಲುತ್ತಾನೆ. ಗೆದ್ದ ಗ್ರೀಕರಲ್ಲಿ ಒಬ್ಬನ ಹೆಸರೂ ಈ ನಾಟಕದಲ್ಲಿ ಬರುವುದಿಲ್ಲ.

ಇದನ್ನು ಬರೆದ ಈಸ್ಕಿಲಸ್ ಯುದ್ಧವನ್ನು ದೂರದಿಂದ ಕೇಳಿ ತಿಳಿದವನಲ್ಲ. 490ರಲ್ಲಿ ಮ್ಯಾರಥಾನ್ ಬಯಲಿನಲ್ಲಿ ಇದೇ ಪರ್ಷಿಯನ್ನರ ಎದುರು ಹೋರಾಡಿದ್ದ. ಅವನ ಒಡಹುಟ್ಟಿದ ಸೈನೆಗೈರಸ್ ಅಲ್ಲೇ ಸತ್ತ. ಅಂಥವನು ಶತ್ರುವಿನ ಮನೆಯೊಳಗೆ ಹೊಕ್ಕು, ಅಲ್ಲಿನ ತಾಯಿಯ ಬಾಯಲ್ಲಿ ಮಾತಾಡಿಸಿದ. ಇದರಲ್ಲಿ ಗೆದ್ದವರ ಹೆಮ್ಮೆಯೂ ಇದೆ, ನಿಜ. ಈ ಅಥೆನ್ಸಿನವರಿಗೆ ಒಡೆಯ ಯಾರು ಎಂದು ರಾಜಮಾತೆ ಕೇಳಿದಾಗ, ಅವರು ಯಾರ ಆಳೂ ಅಲ್ಲ ಎಂಬ ಉತ್ತರ ಬರುತ್ತದೆ. ಆಗ ಇಡೀ ಇಳಿಜಾರು ಎದೆಯುಬ್ಬಿಸಿರಬೇಕು. ಆದರೂ ನಾಟಕ ಮುಗಿಯುವುದು ಶತ್ರುಗಳ ಗೋಳಾಟದಲ್ಲಿ. ಅಂದು ಮೊದಲ ಬಹುಮಾನ ಸಿಕ್ಕಿದ್ದು ಅದಕ್ಕೇ. ಅದರ ಮೇಳದ ಖರ್ಚು ಹೊತ್ತವನು ಇನ್ನೂ ಎಳೆಯ ಪ್ರಾಯದಲ್ಲಿದ್ದ ಪೆರಿಕ್ಲೀಸ್.

ಈ ನಾಟಕವನ್ನು ಆಚಾರ್ಯ ಬಿ.ಎಂ.ಶ್ರೀಯವರು ‘ಪಾರಸಿಕರು’ ಎಂದು ಕನ್ನಡಕ್ಕೆ ತಂದರು. ರನ್ನನ ದುರ್ಯೋಧನನನ್ನು ಗ್ರೀಕ್ ರುದ್ರನಾಟಕದ ಅಚ್ಚಿನಲ್ಲಿ ನಿಲ್ಲಿಸಿದವರೂ ಅವರೇ. ಸೋತವನ ಸಂಕಟಕ್ಕೆ ಕಿವಿಗೊಡುವ ಕಾವ್ಯ ನಮ್ಮಲ್ಲೂ ಇದ್ದುದರಿಂದಲೇ ಅವರಿಗೆ ಆ ಗ್ರೀಕರು ಅಷ್ಟು ಹತ್ತಿರವಾದರು ಎಂದು ನಾನು ನಂಬಿದ್ದೇನೆ.

ಅಥೆನ್ಸಿನಲ್ಲಿ ಯುದ್ಧ ಮತ್ತು ನಾಟಕ ಎರಡನ್ನೂ ಹೊತ್ತದ್ದು ಒಂದೇ ಸಮಾಜ, ಒಂದೇ ಹಣ. ಶ್ರೀಮಂತನಾದವನು ಒಂದು ವರ್ಷ ನಾಟಕದ ಮೇಳವನ್ನು ಸಾಕಬೇಕು, ಇನ್ನೊಂದು ವರ್ಷ ಒಂದು ಯುದ್ಧನೌಕೆಯನ್ನು ನಡೆಸಬೇಕು. ಆ ನೌಕೆಯಲ್ಲಿ ಹುಟ್ಟು ಹಾಕುವವರೇ ಸುಮಾರು 170 ಮಂದಿ. ಸಭೆಯಲ್ಲಿ ಕೈಯೆತ್ತಿ ಯುದ್ಧಕ್ಕೆ ಒಪ್ಪಿಗೆ ಕೊಡುವವರು, ಹಡಗು ಹತ್ತುವವರು, ನಾಟಕ ನೋಡುವವರು ಎಲ್ಲ ಅದೇ ಪೌರರು. ನಾಟಕಕಾರ ಸೊಫೋಕ್ಲೀಸ್ ಸ್ವತಃ ಸೇನಾಪತಿಯಾಗಿ ಆಯ್ಕೆಯಾಗಿ ಸಾಮೊಸ್ ದ್ವೀಪದ ದಂಗೆಯನ್ನಡಗಿಸುವ ದಂಡಯಾತ್ರೆಯಲ್ಲಿದ್ದ. ಮುಂದಿನ ದಶಕಗಳಲ್ಲಿ, ಅಥೆನ್ಸ್ ಮಿತ್ರರ ಒಕ್ಕೂಟವನ್ನು ತನ್ನ ಸಾಮ್ರಾಜ್ಯ ಮಾಡಿಕೊಂಡ ಮೇಲೆ, ಆ ಊರುಗಳು ತಂದ ಕಪ್ಪದ ಬೆಳ್ಳಿಯನ್ನು ನಾಟಕಗಳಿಗೂ ಮೊದಲು ರಂಗಸ್ಥಳದಲ್ಲೇ ತೋರಿಸುತ್ತಿದ್ದರು. ಯುದ್ಧದಲ್ಲಿ ತಂದೆಯನ್ನು ಕಳೆದುಕೊಂಡು ಸರ್ಕಾರದ ಖರ್ಚಿನಲ್ಲಿ ಬೆಳೆದ ಹುಡುಗರು ಪ್ರಾಯಕ್ಕೆ ಬಂದಾಗ ಆಯುಧ ತೊಟ್ಟು ಅಲ್ಲೇ ಮೆರವಣಿಗೆ ಬರುತ್ತಿದ್ದರು. ಅದಾದ ಮೇಲೆ ಅದೇ ನೆಲದ ಮೇಲೆ ಮೆಡಿಯಾ, ಈಡಿಪಸ್, ಅಂತಿಗೊನೆಯಂಥ ನಾಟಕಗಳು.

ತಮ್ಮದೇ ಗಾಯವನ್ನು ಮುಟ್ಟಿದರೆ ಮಾತ್ರ ಈ ಜನ ಸಹಿಸುತ್ತಿರಲಿಲ್ಲ. 494ರಲ್ಲಿ ಪರ್ಷಿಯನ್ನರು ಅಥೆನ್ಸಿನವರ ನಂಟಿನ ಗ್ರೀಕರಿದ್ದ ಮಿಲೆಟಸ್ ನಗರವನ್ನು ನಾಶಮಾಡಿದರು. ಫ್ರೈನಿಕಸ್ ಎಂಬ ಕವಿ ಆ ಪತನವನ್ನೇ ನಾಟಕ ಮಾಡಿದಾಗ ನೋಡಿದವರೆಲ್ಲ ಗಳಗಳನೆ ಅತ್ತರು. ನಮ್ಮವರ ದುಃಖವನ್ನು ನೆನಪಿಸಿದೆ ಎಂದು ಅವನಿಗೆ ಸಾವಿರ ದ್ರಾಕ್ಮ ದಂಡ ಹಾಕಿದರು, ನಾಟಕವನ್ನು ಇನ್ನು ಯಾರೂ ಆಡಬಾರದೆಂದರು. ಇದನ್ನು ಹೇಳುವವನು ಇತಿಹಾಸಕಾರ ಹೆರೊಡೋಟಸ್.

ನನ್ನನ್ನು ಬಹಳ ಕಾಡುವುದು 415ನೇ ವರ್ಷ. ಸ್ಪಾರ್ಟಾ ಜೊತೆಗಿನ ದೀರ್ಘ ಯುದ್ಧದ ನಡುಗಾಲ ಅದು. ಹಿಂದಿನ ಬೇಸಿಗೆಯಲ್ಲಿ ಅಥೆನ್ಸಿನವರು ಮೆಲೋಸ್ ಎಂಬ ಸಣ್ಣ ದ್ವೀಪಕ್ಕೆ ಹಡಗು ಕಟ್ಟಿಕೊಂಡು ಹೋಗಿ, ಶರಣಾಗಿರಿ ಎಂದರು. ನಾವು ಯಾರ ಪಕ್ಷವನ್ನೂ ಸೇರುವುದಿಲ್ಲ, ನಮ್ಮನ್ನು ನಮ್ಮಷ್ಟಕ್ಕೆ ಬಿಡಿ ಎಂದರು ದ್ವೀಪದವರು. ಬಲವುಳ್ಳವರು ಮಾಡಬಲ್ಲದ್ದನ್ನು ಮಾಡುತ್ತಾರೆ, ಬಲವಿಲ್ಲದವರು ಅನುಭವಿಸುತ್ತಾರೆ: ಅಥೆನ್ಸಿನವರ ಉತ್ತರದ ಸಾರವನ್ನು ಇತಿಹಾಸಕಾರ ಥುಸಿಡಿಡೀಸ್ ಹೀಗೆ ಬರೆದಿಟ್ಟಿದ್ದಾನೆ. ಅವನೂ ಅಥೆನ್ಸಿನವನೇ, ಸೇನಾಪತಿಯಾಗಿದ್ದವನೇ. ಚಳಿಗಾಲದ ಹೊತ್ತಿಗೆ ಮೆಲೋಸ್ ಬಿತ್ತು. ಕೈಗೆ ಸಿಕ್ಕಿದ ವಯಸ್ಕ ಗಂಡಸರನ್ನೆಲ್ಲ ಕೊಂದರು. ಹೆಂಗಸರು ಮಕ್ಕಳನ್ನು ಗುಲಾಮರಾಗಿ ಮಾರಿದರು.

ಕೆಲವೇ ತಿಂಗಳಲ್ಲಿ ವಸಂತದ ಹಬ್ಬ ಬಂತು, ನಾಟಕಕಾರ ಯೂರಿಪಿಡೀಸ್ ಟ್ರಾಯ್ ನಗರದ ಹೆಂಗಸರನ್ನು ರಂಗಕ್ಕೆ ತಂದ. ಊರು ಬಿದ್ದಿದೆ. ಗಂಡಂದಿರು ಸತ್ತಿದ್ದಾರೆ. ಯಾವ ಗ್ರೀಕನ ಪಾಲಿಗೆ ಯಾವ ಹೆಂಗಸು ಎಂದು ಹಂಚುವುದು ನಡೆದಿದೆ. ಟ್ರಾಯ್‌ನ ವೀರ ಹೆಕ್ಟರನ ಪುಟ್ಟ ಮಗ ಬೆಳೆದು ಸೇಡು ತೀರಿಸಿಕೊಂಡಾನೆಂದು ಅವನನ್ನು ಕೋಟೆಯಿಂದ ಕೆಳಗೆಸೆಯುತ್ತಾರೆ. ಅಪ್ಪನ ಗುರಾಣಿಯ ಮೇಲೆ ಮಲಗಿಸಿ ತಂದ ಆ ಮಗುವಿನ ದೇಹಕ್ಕೆ ಅಜ್ಜಿ ಹೆಕ್ಯೂಬಾ ಕೊನೆಯ ಸಿಂಗಾರ ಮಾಡುತ್ತಾಳೆ. ಕವಿ ಬರೆಯಲು ಕೂತಾಗ ಮೆಲೋಸಿನ ಸುದ್ದಿ ಇನ್ನೂ ಬಂದಿರಲಿಕ್ಕಿಲ್ಲ. ಆದರೆ ನೋಡುವವರಿಗೆ ಗೊತ್ತಿತ್ತು. ಆ ಕೊಲೆಗೆ ಕೈಯೆತ್ತಿದವರು, ಆ ದ್ವೀಪದಿಂದ ಹಿಂದಿರುಗಿದವರು ಆ ಜನರ ನಡುವೆ ಇರಲೇಬೇಕಲ್ಲವೆ?

ನಾಟಕಕ್ಕೆ ಎರಡನೇ ಬಹುಮಾನ ಬಂತು. ಆ ಬೇಸಿಗೆಯಲ್ಲೇ ಅಥೆನ್ಸ್ ಇನ್ನೂ ದೊಡ್ಡ ನೌಕಾಪಡೆಯನ್ನು ಸಿಸಿಲಿಯ ಮೇಲೆ ಕಳಿಸಿತು. ನಾಟಕ ಯಾರನ್ನೂ ತಡೆಯಲಿಲ್ಲ. ಕಲೆ ಮನುಷ್ಯನನ್ನು ಮೃದು ಮಾಡುತ್ತದೆ ಎಂದು ಸಲೀಸಾಗಿ ಹೇಳುವಾಗಲೆಲ್ಲ ನನಗೆ ಈ ವರ್ಷ ನೆನಪಾಗುತ್ತದೆ.

ಎರಡು ವರ್ಷದ ಮೇಲೆ, 413ರಲ್ಲಿ, ಆ ಪಡೆ ಪೂರ್ತಿ ನಾಶವಾಯಿತು. ಏಳು ಸಾವಿರಕ್ಕೆ ಕಡಿಮೆಯಿಲ್ಲದ ಸೆರೆಯಾಳುಗಳನ್ನು ಸಿಸಿಲಿಯ ಸಿರಕ್ಯೂಸ್ ನಗರದ ಕಲ್ಲುಗಣಿಗಳಲ್ಲಿ ತುಂಬಿದರು. ಹಗಲು ಸುಡುವ ಬಿಸಿಲು, ರಾತ್ರಿ ಚಳಿ, ಜೊತೆಗೆ ಕೊಳೆಯುವ ಹೆಣಗಳು. ದಿನಕ್ಕೆ ಒಂದು ಅಳತೆ ನೀರು, ಎರಡು ಅಳತೆ ಧಾನ್ಯ. ಆಗ ಕೆಲವರನ್ನು ಉಳಿಸಿದ್ದು ಯೂರಿಪಿಡೀಸನ ಸಾಲುಗಳು ಎಂದು ಎಷ್ಟೋ ಕಾಲದ ಮೇಲೆ ಬಂದ ಲೇಖಕ ಪ್ಲುಟಾರ್ಕ್ ಬರೆಯುತ್ತಾನೆ. ಸಿಸಿಲಿಯವರಿಗೆ ಅವನ ಕಾವ್ಯದ ಮೇಲೆ ಎಲ್ಲಿಲ್ಲದ ಪ್ರೀತಿ. ಬಾಯಿಪಾಠ ಬರುತ್ತಿದ್ದ ಸಾಲುಗಳನ್ನು ಒಡೆಯರಿಗೆ ಕಲಿಸಿ ಬಿಡುಗಡೆ ಪಡೆದವರುಂಟು. ಸೋತು ಅಲೆಯುತ್ತಿದ್ದಾಗ ಅವನ ಹಾಡು ಹಾಡಿ ಅನ್ನ ನೀರು ಪಡೆದವರುಂಟು. ಬದುಕಿ ಊರು ಸೇರಿದವರು ನೇರ ಕವಿಯ ಬಳಿ ಹೋಗಿ ಕೃತಜ್ಞತೆ ಹೇಳಿದರಂತೆ.

404ರಲ್ಲಿ ಅಥೆನ್ಸ್ ಸ್ಪಾರ್ಟಾಕ್ಕೆ ಶರಣಾಯಿತು. ಮೆಲೋಸಿಗೆ ತಾವು ಮಾಡಿದ್ದು ಈಗ ತಮಗಾಗುತ್ತದೆಂದು ಊರಿಗೆ ಊರೇ ನಡುಗಿತ್ತು. ನಗರವನ್ನು ನೆಲಸಮ ಮಾಡಿ ಕುರಿ ಮೇಯಿಸೋಣ ಎಂದ ಸ್ಪಾರ್ಟಾದ ಮಿತ್ರ ಊರಾದ ಥೀಬ್ಸಿನವನೊಬ್ಬ. ಆಮೇಲೆ ಗೆದ್ದ ನಾಯಕರೆಲ್ಲ ಔತಣಕ್ಕೆ ಕೂತಾಗ ಫೋಸಿಸ್ ಸೀಮೆಯವನೊಬ್ಬ ಯೂರಿಪಿಡೀಸನ ‘ಎಲೆಕ್ಟ್ರಾ’ದ ಮೇಳಗೀತವನ್ನು ಹಾಡಿದನಂತೆ, ಇಂಥ ಕವಿಗಳನ್ನು ಹೆತ್ತ ಊರನ್ನು ಅಳಿಸುವುದು ಕ್ರೌರ್ಯವೆಂದು ಅಲ್ಲಿದ್ದವರಿಗೆ ಅನ್ನಿಸಿತಂತೆ. ಇದೂ ಪ್ಲುಟಾರ್ಕ್ ಹೇಳುವ ಕಥೆ. ಆ ಕಾಲದಲ್ಲೇ ಬದುಕಿದ್ದ ಕ್ಸೆನೊಫೋನ್ ಬೇರೆ ಕಾರಣ ಕೊಡುತ್ತಾನೆ: ಗ್ರೀಸ್ ಅಪಾಯದಲ್ಲಿದ್ದಾಗ ಅಷ್ಟು ಉಪಕಾರ ಮಾಡಿದ ಊರನ್ನು ಗುಲಾಮಗಿರಿಗೆ ತಳ್ಳಲು ಸ್ಪಾರ್ಟಾ ಒಪ್ಪಲಿಲ್ಲ. ಆ ಉಪಕಾರವೆಂದರೆ ಪರ್ಷಿಯನ್ನರನ್ನು ಎದುರಿಸಿ ನಿಂತದ್ದು. ರಾಜಕೀಯದ ಲೆಕ್ಕವೂ ಇದ್ದೀತು. ಅಂತೂ ಊರು ಉಳಿಯಿತು, ಕೋಟೆಗೋಡೆಗಳು ಮಾತ್ರ ಉರುಳಿದವು.

ಅಷ್ಟರಲ್ಲಿ ಯೂರಿಪಿಡೀಸನೂ ಸೊಫೋಕ್ಲೀಸನೂ ತೀರಿಕೊಂಡಿದ್ದರು. 401ರಲ್ಲಿ ಸೊಫೋಕ್ಲೀಸನ ಮೊಮ್ಮಗ ಅಜ್ಜನ ಕೊನೆಯ ನಾಟಕವನ್ನು ಆಡಿಸಿದ. ಕುರುಡನಾಗಿ, ಊರಿಂದ ಹೊರಹಾಕಿಸಿಕೊಂಡು, ಮಗಳ ಕೈಹಿಡಿದು ಅಲೆಯುವ ಮುದುಕ ಈಡಿಪಸ್ ಅಥೆನ್ಸಿನ ಹೊರವಲಯದ ಕೊಲೊನಸ್ ತೋಪಿಗೆ ಬಂದು ಆಶ್ರಯ ಬೇಡುತ್ತಾನೆ. ಅವನು ಥೀಬ್ಸಿನವನು. ನಗರವನ್ನು ನೆಲಸಮ ಮಾಡಿ ಎಂಬ ಮಾತು ಆ ಊರಿನವನ ಬಾಯಿಂದ ಬಂದು ಆಗ ಮೂರೇ ವರ್ಷ. ನಾಟಕದಲ್ಲಿ ಅಥೆನ್ಸಿನ ದೊರೆ ಥೀಸಿಯಸ್, ನಾನೂ ಪರದೇಶದಲ್ಲಿ ಬೆಳೆದವನೇ, ಎಂದು ಹೇಳಿ ಅವನನ್ನು ಒಳಗೆ ಕರೆದುಕೊಳ್ಳುತ್ತಾನೆ.

ನಮಸ್ಕಾರ.