ಬೆಲ್ಲದ ಬಣ್ಣ, ಚಿತ್ರದ ಅಂಚು

ಮಂಡ್ಯ, ಮೈಸೂರಿನ ಛಾಯಾಗ್ರಾಹಕ ಮಿತ್ರರೇ,

ಚಿತ್ರಗಳ ವಿಮರ್ಶೆ ಶುರುವಾಗುವ ಮೊದಲು ನಾಲ್ಕು ಮಾತು ಆಡುವ ಅವಕಾಶ ನನಗೆ ಸಿಕ್ಕಿದೆ. ನಾನು ಒತ್ತಿ ಹೇಳಬೇಕೆಂದಿರುವುದು ಇಷ್ಟು: ಚಿತ್ರದಲ್ಲಿ ಯಾವುದು ಸರಿಯಿಲ್ಲ, ಏಕೆ ಸರಿಯಿಲ್ಲ ಎಂದು ಬಾಯಿಬಿಟ್ಟು ಹೇಳುವವರೆಗೆ ಯಾರೂ ಎಡಿಟಿಂಗ್‌ಗೆ ಕೈ ಹಾಕಬಾರದು. 'ಸೂಪರ್ ಸರ್' ಎಂಬ ಮೆಚ್ಚುಗೆಯಿಂದ ತೆಗೆದವರಿಗೆ ಸಂತೋಷವಾಗುತ್ತದೆಯೇ ಹೊರತು ಚಿತ್ರ ಒಂದು ಕೂದಲೆಳೆಯಷ್ಟೂ ಉತ್ತಮವಾಗುವುದಿಲ್ಲ.

ಮದ್ದೂರು ಕಡೆಯ ಹುಡುಗಿಯೊಬ್ಬಳು ಆಲೆಮನೆಯ ಚಿತ್ರವೊಂದನ್ನು ತಂದಿದ್ದಳು. ಕೊಪ್ಪರಿಗೆಯಿಂದ ಏಳುವ ಹಬೆ, ಒಲೆಯ ಕೆಂಪು, ಪಾಕ ತಿರುವುತ್ತಿರುವ ಕೆಲಸಗಾರನ ಬೆವರಿದ ಭುಜ, ಮುಂಭಾಗದಲ್ಲಿ ಓರೆಯಾಗಿ ಅವನತ್ತ ಸಾಗುವ ಅಚ್ಚಿನ ಹಲಗೆ, ಎಲ್ಲವೂ ಇದ್ದವು. ಆದರೆ ಕೂತಿದ್ದವರ ಕಣ್ಣೆಲ್ಲ ಮೊದಲು ಹೋದದ್ದು ಬಲ ಅಂಚಿನಲ್ಲಿದ್ದ ನೀಲಿ ಪ್ಲಾಸ್ಟಿಕ್ ಡ್ರಮ್ಮಿನ ಕಡೆಗೆ. ಕಿತ್ತಳೆ, ಕಂದು ತುಂಬಿದ ಚೌಕಟ್ಟಿನಲ್ಲಿ ಅವಕ್ಕೆ ಎದುರಾದ ನೀಲಿ ಎಷ್ಟು ಚಿಕ್ಕದಿದ್ದರೂ ಕಣ್ಣನ್ನು ಸೆಳೆದೇ ತೀರುತ್ತದೆ. ಅಂಚನ್ನು ಕತ್ತರಿಸಿ, ಅಂದರೆ ಕ್ರಾಪ್ ಮಾಡಿ, ಡ್ರಮ್ಮನ್ನು ಪೂರ್ತಿ ತೆಗೆಯೋಣವೆಂದರೆ ನೋಟವನ್ನು ಕೆಲಸಗಾರನತ್ತ ಒಯ್ಯುವ ಹಲಗೆಯೂ ಅದರ ಜೊತೆಗೇ ತುಂಡಾಗುತ್ತಿತ್ತು. ಕೊನೆಗೆ ಅಂಚನ್ನು ಸ್ವಲ್ಪ ಮಾತ್ರ ಒಳಗೆ ತಂದು, ತಿದ್ದುಪಡಿ ಉಳಿದ ಡ್ರಮ್ಮಿಗಷ್ಟೇ ತಾಗುವಂತೆ ಮಾಸ್ಕ್ ಹಾಕಿ, ಅದರ ನೀಲಿಯನ್ನೂ ಹೊಳಪನ್ನೂ ತಗ್ಗಿಸಿದೆವು. ಡ್ರಮ್ಮು ಅಲ್ಲೇ ಉಳಿಯಿತು, ಆದರೆ ಕಣ್ಣು ಭುಜದ ಮೇಲೆ ನಿಂತಿತು.

ನಿಜವಾದ ಚರ್ಚೆ ಎದ್ದದ್ದು ಬೆಲ್ಲದ ಬಣ್ಣದ ಬಗ್ಗೆ. ಚಿತ್ರ ಕಳೆಕಟ್ಟಲೆಂದು ಆಕೆ ಹಳದಿಯನ್ನು ಏರಿಸಿ, ಬೆಲ್ಲವನ್ನು ಹೊನ್ನಿನಂತೆ ಮಾಡಿದ್ದಳು. ಬೆಲ್ಲ ಬಿಳಿಚಿ ಹಳದಿಯಾಗಿ ಕಾಣಲೆಂದು ಹೈಡ್ರೋಸ್ ಎಂಬ ಬಿಳುಪುಗೊಳಿಸುವ ರಾಸಾಯನಿಕ ಹಾಕುವ ಅಭ್ಯಾಸವೂ, ರಾಸಾಯನಿಕ ಹಾಕದ ಬೆಲ್ಲ ಸಾಮಾನ್ಯವಾಗಿ ಕಂದಾಗಿರುವುದೂ ಈ ಸಭೆಗೆ ಹೊಸ ಸುದ್ದಿಯಲ್ಲ. ಆ ಆಲೆಮನೆಯವರು ರಾಸಾಯನಿಕ ಮುಟ್ಟದವರು. ಅವರು ಹಾಕದ ಹೈಡ್ರೋಸನ್ನು ನಾವು ಸ್ಲೈಡರಿನಿಂದ ಹಾಕಿದಂತಾಯಿತಲ್ಲವೇ ಎಂದು ಕೇಳಿದೆ. ಆಕೆ ಒಡನೆ ಹಳದಿಯನ್ನು ಇಳಿಸಿದಳು. ಬಣ್ಣ ತಿದ್ದುವವರು ಆ ವಸ್ತುವನ್ನು ಅರಿತಿರಬೇಕೆಂದು ನಾನು ಹೋದಲ್ಲೆಲ್ಲ ವಾದಿಸುವುದು ಇದಕ್ಕಾಗಿಯೇ.

ಆ ಚಿತ್ರದಲ್ಲಿ ಇನ್ನೊಂದು ತೊಡಕಿತ್ತು. ಬೆಳಕಿನ ಬಣ್ಣವನ್ನು ಕೆಲ್ವಿನ್‌ನಲ್ಲಿ ಅಳೆಯುತ್ತಾರೆ; ಅಂಕಿ ಕಡಿಮೆಯಾದಷ್ಟೂ ಕೆಂಪು, ಹೆಚ್ಚಾದಷ್ಟೂ ನೀಲಿ. ಒಲೆಯ ಉರಿಯ ಬೆಳಕು ಸುಮಾರು 2000 ಕೆಲ್ವಿನ್, ಬಾಗಿಲಿನಿಂದ ಬರುವ ಹಗಲ ಬೆಳಕು 5500 ಕೆಲ್ವಿನ್ ಅಥವಾ ಅದಕ್ಕೂ ಮೇಲೆ. ಇಡೀ ಚಿತ್ರಕ್ಕೆ ಒಂದೇ ವೈಟ್ ಬ್ಯಾಲೆನ್ಸ್, ಅಂದರೆ ಬಿಳಿ ಬಿಳಿಯಾಗಿ ಕಾಣಲೆಂದು ಮಾಡುವ ಬಣ್ಣದ ಹೊಂದಾಣಿಕೆ, ಕೊಟ್ಟರೆ ಎರಡರಲ್ಲಿ ಒಂದು ಕೆಡುತ್ತದೆ. ಬಾಗಿಲ ಬಳಿಯ ಹಬೆ ತುಸು ನೀಲಿಯಾಗಿಯೇ ಉಳಿಯಲಿ, ಒಲೆ ಕೆಂಪಾಗಿರಲಿ ಎಂದು ನಾನು ಸೂಚಿಸಿದೆ, ಏಕೆಂದರೆ ಆ ಮನೆಯೊಳಗೆ ನಿಂತವರಿಗೆ ಬೆಳಕು ಕಾಣುವುದೇ ಹಾಗೆ. ದೀಪ ಹಾಕಿದ ಮೈಸೂರು ಅರಮನೆಯನ್ನು ಹಾಲಿನಂತೆ ಬಿಳಿ ಮಾಡಿ ತರುವವರಿಗೂ ಇದೇ ಮಾತು: ಆ ಬಲ್ಬುಗಳ ಹೊಂಬಣ್ಣವನ್ನು ತೆಗೆದುಹಾಕಲು ನಿಮಗಿರುವ ಕಾರಣವೇನು? ಕಾರಣ ಹೇಳಿ, ಆಮೇಲೆ ತಿದ್ದಿ.

ಸಮಯ ಕಡಿಮೆಯಿದೆ, ಆದ್ದರಿಂದ ಉಳಿದದ್ದನ್ನು ಬೇಗ ಹೇಳುತ್ತೇನೆ. ಕ್ರಾಪ್ ಮಾಡುವಾಗ ಲೆಕ್ಕ ನೆನಪಿರಲಿ: 24 ಮೆಗಾಪಿಕ್ಸೆಲ್ ಚಿತ್ರದ ಅಗಲ, ಎತ್ತರ ಎರಡನ್ನೂ ಅರ್ಧ ಮಾಡಿದರೆ ಉಳಿಯುವುದು 6 ಮಾತ್ರ, ದೊಡ್ಡ ಪ್ರಿಂಟಿಗೆ ಅದು ಸಾಲದು. ಹಕ್ಕಿಗಳ ಚಿತ್ರಕ್ಕೆಂದು ಕೊಕ್ಕರೆ ಬೆಳ್ಳೂರಿಗೆ ಹೋಗುವವರು ರಾ ಕಡತದಲ್ಲೇ, ಅಂದರೆ ಕ್ಯಾಮೆರಾ ಸಂಸ್ಕರಿಸದೆ ಕೊಡುವ ಮೂಲ ಕಡತದಲ್ಲೇ, ತೆಗೆಯಿರಿ. ಜೆಪೆಗ್‌ನಲ್ಲಿ ಪ್ರತಿ ಬಣ್ಣಕ್ಕೆ 256 ಹಂತಗಳಿದ್ದರೆ 14 ಬಿಟ್ ರಾ ಕಡತದಲ್ಲಿ 16,384 ಇರುತ್ತವೆ. ಆದರೂ ಬಿಸಿಲಿನ ಬೆಳಕು ಹೆಚ್ಚಾಗಿ ಚಿತ್ರದಲ್ಲಿ ಪೂರ್ತಿ ಸುಟ್ಟುಹೋದ, ಬರೀ ಬೆಳ್ಳಗಾದ ಬಿಳಿ ಗರಿಯ ವಿವರ ಯಾವ ಕಡತದಿಂದಲೂ ಮರಳಿ ಬರುವುದಿಲ್ಲ, ಹಾಗಾಗಿ ಕತ್ತಲೆ, ಬೆಳಕಿನ ಹಂಚಿಕೆಯನ್ನು ತೋರಿಸುವ ಹಿಸ್ಟೋಗ್ರಾಮ್ ನೋಡಿಯೇ ಕ್ಲಿಕ್ ಮಾಡಿ. ಬಣ್ಣದ ಕೊಕ್ಕರೆಯ ಗುಲಾಬಿ ಗರಿಗಳಿಗೆ ಸ್ಯಾಚುರೇಷನ್, ಅಂದರೆ ಬಣ್ಣದ ಗಾಢತೆ, ಹೆಚ್ಚಿಸಿದರೆ ಎಳೆ ಎಳೆಯಾಗಿ ಕಾಣುವ ಗರಿ ಬಣ್ಣ ಮೆತ್ತಿದ ಹಾಗಾಗುತ್ತದೆ.

ಇನ್ನು ಮೊದಲನೆಯ ಚಿತ್ರವನ್ನು ಪರದೆಯ ಮೇಲೆ ಹಾಕಿ. ತೆಗೆದವರು ಸ್ವಲ್ಪ ಹೊತ್ತು ಮಾತನಾಡುವುದು ಬೇಡ. ಹಿಂದಿನ ಸಾಲಿನಲ್ಲಿ ಕುಳಿತವರು ತಮ್ಮ ಕಣ್ಣು ಮೊದಲು ಎಲ್ಲಿಗೆ ಹೋಯಿತೆಂದು ಹೇಳಲಿ.