ಮಲೆನಾಡಿನ ಮಳೆಗೆ ತಕ್ಕ ಕ್ಯಾನ್ವಾಸ್ ಚೌಕಟ್ಟು

ಈ ವಿಡಿಯೊದಲ್ಲಿ ಈಗ ಪರದೆಯ ಮೇಲೆ ಸುರುಳಿ ಬಿಚ್ಚುತ್ತಿರುವುದು ನನ್ನ ಮುಳ್ಳಯ್ಯನಗಿರಿಯ ಚಿತ್ರ. ನಾಲ್ಕು ಅಡಿ ಅಗಲ, ಮೂರು ಅಡಿ ಎತ್ತರ. ಅಂಚಿಗೆ ಮಡಚಲು ಬಿಟ್ಟ ಬಟ್ಟೆ ಬೇರೆ. ಬಣ್ಣ ಒಣಗಿದೆ, ಇನ್ನು ಬಿಗಿಯುವುದೊಂದೇ ಬಾಕಿ. ಅದಕ್ಕೆ ಬೇಕಾದ ಸ್ಟ್ರೆಚರ್ ಬಾರ್‌ಗಳನ್ನು, ಅಂದರೆ ಕ್ಯಾನ್ವಾಸ್ ಎಳೆದು ಬಿಗಿಯುವ ಚೌಕಟ್ಟಿನ ಮರದ ಪಟ್ಟಿಗಳನ್ನು, ಆರಿಸಲು ಚಿಕ್ಕಮಗಳೂರಿನ ಬಡಗಿಯೊಬ್ಬರ ಅಂಗಡಿಗೆ ಬಂದಿದ್ದೇನೆ.

ಅವರು ಮೊದಲು ತೆಗೆದುಕೊಟ್ಟದ್ದು ಸಿಲ್ವರ್ ಓಕ್. ಕಾಫಿ ತೋಟದಲ್ಲಿ ನೆರಳಿಗೆ ನೆಟ್ಟು, ಕಾಳುಮೆಣಸಿನ ಬಳ್ಳಿ ಹಬ್ಬಿಸುತ್ತಾರಲ್ಲ, ಅದೇ ಮರ. ನನಗೆ ಮರದ ಜಾತಿಯ ಬಗ್ಗೆ ಹಟವಿಲ್ಲ. ಚೆನ್ನಾಗಿ ಒಣಗಿರಬೇಕು, ಗಂಟು ಇರಬಾರದು, ನೆಟ್ಟಗಿರಬೇಕು. ಪಟ್ಟಿಯ ತುದಿಯನ್ನು ಹೀಗೆ ಕಣ್ಣಿನ ಮಟ್ಟಕ್ಕೆ ಹಿಡಿದು ಉದ್ದಕ್ಕೂ ನೋಡಿ. ಇದು ನಡುವೆ ಬಿಲ್ಲಿನಂತೆ ಬಾಗಿದೆ. ವಾಪಸ್ ಇಟ್ಟೆ. ಪಕ್ಕದಲ್ಲಿದ್ದ ಪೈನ್ ಪಟ್ಟಿಗಳು ನೆಟ್ಟಗಿವೆ, ಬೆಲೆ ಮಾತ್ರ ಹೆಚ್ಚು.

ಈಗ ಪಟ್ಟಿಯ ಮೇಲ್ಮೈ ಹತ್ತಿರದಿಂದ ನೋಡಿ. ಹೊರ ಅಂಚು ಎತ್ತರ, ಒಳಕ್ಕೆ ಬರುತ್ತ ಇಳಿಜಾರು. ಬಟ್ಟೆ ಹೊರ ಅಂಚನ್ನು ಮಾತ್ರ ಮುಟ್ಟಬೇಕು. ಚಪ್ಪಟೆ ಪಟ್ಟಿಗೆ ಬಿಗಿದರೆ ಒಳ ಅಂಚಿನ ಗೆರೆ ಕಾಲಕ್ರಮೇಣ ಚಿತ್ರದ ಮೇಲೆಯೇ ಮೂಡುತ್ತದೆ. ಆಗ ನನ್ನ ಬೆಟ್ಟಕ್ಕೆ ನಾಲ್ಕೂ ಕಡೆ ಬೇಲಿ! ದಪ್ಪ? ಸಣ್ಣ ಚಿತ್ರಕ್ಕೆ ಮುಕ್ಕಾಲು ಇಂಚು ಸಾಕು. ಇದಕ್ಕೆ ಒಂದೂವರೆ ಇಂಚಿನ ಪಟ್ಟಿ, ನಡುವೆ ಒಂದು ಅಡ್ಡಪಟ್ಟಿ. ಅಡ್ಡಪಟ್ಟಿ ಇಲ್ಲದಿದ್ದರೆ ಬಟ್ಟೆಯ ಎಳೆತಕ್ಕೆ ಉದ್ದನೆಯ ಪಟ್ಟಿಗಳು ಒಳಕ್ಕೆ ಬಾಗುತ್ತವೆ.

ನಿಜವಾದ ಚರ್ಚೆ ನಡೆದದ್ದು ಮೂಲೆಯ ಬಗ್ಗೆ. “ಅಂಟು ಹಾಕಿ ಮೊಳೆ ಹೊಡೆದುಬಿಡುತ್ತೇನೆ ಮೇಡಂ, ಅಲುಗಾಡುವುದೇ ಇಲ್ಲ” ಎಂದರು. ಅಲುಗಾಡಬೇಕು ಎನ್ನುವುದೇ ನನ್ನ ಬೇಡಿಕೆ! ನಮ್ಮ ಮಳೆಗಾಲದ ತೇವಕ್ಕೆ ಹತ್ತಿಯ ಕ್ಯಾನ್ವಾಸ್ ಸಡಿಲವಾಗುತ್ತದೆ. ಮೂಲೆಗಳು ಒಂದರೊಳಗೊಂದು ಕೂರುವಂತಿದ್ದು, ಅಂಟಿಲ್ಲದೆ ಇದ್ದರೆ, ಪ್ರತಿ ಮೂಲೆಗೆ ಎರಡರಂತೆ ಎಂಟು ಮರದ ಬೆಣೆಗಳನ್ನು ಹಿಂದಿನಿಂದ ಸಿಕ್ಕಿಸಬಹುದು. ಬೆಣೆಯನ್ನು ಮೆಲ್ಲನೆ ತಟ್ಟಿದರೆ ಮೂಲೆ ಕೂದಲೆಳೆಯಷ್ಟು ತೆರೆದುಕೊಂಡು ಬಟ್ಟೆ ಮತ್ತೆ ಬಿಗಿಯಾಗುತ್ತದೆ. ಮೊಳೆ ಹೊಡೆದ ಚೌಕಟ್ಟಿನಲ್ಲಿ ಸಡಿಲಾದರೆ ಬಟ್ಟೆಯನ್ನು ಪಟ್ಟಿಗೆ ಹಿಡಿದಿಟ್ಟ ಪಿನ್ನುಗಳನ್ನೆಲ್ಲ ಕಿತ್ತು ಮೊದಲಿನಿಂದ ಎಳೆಯಬೇಕು.

ಅವರಿಗೆ ಒಪ್ಪಿಗೆಯಾದದ್ದು ಮೂಲೆಮಟ್ಟದ, ಅಂದರೆ ಮೂಲೆಗಳು ಲಂಬಕೋನದಲ್ಲಿವೆಯೇ ಎಂದು ನೋಡುವ, ಲೆಕ್ಕ ಬಂದಾಗ. ಮೂರಕ್ಕೆ ನಾಲ್ಕು ಅಡಿಯ ಚೌಕಟ್ಟಿಗೆ ಕರ್ಣ ಸರಿಯಾಗಿ ಐದು ಅಡಿ, ಎರಡೂ ಕಡೆ. ಟೇಪು ಹಿಡಿಯುವ ಮೊದಲೇ ಅವರು “ಅರವತ್ತು ಇಂಚು” ಎಂದರು. ಒಂದು ಕಡೆ ಎರಡು ನೂಲು (ಕಾಲು ಇಂಚು) ಹೆಚ್ಚು ಬಂತು. ಅಂಗೈಯಿಂದ ಒಂದೇಟು, ಸರಿಹೋಯಿತು.

ಪೈನ್ ಪಟ್ಟಿಗಳನ್ನೇ ತೆಗೆದುಕೊಂಡೆ. ಬಿಗಿಯಲು ಸ್ಟೇನ್‌ಲೆಸ್ ಸ್ಟೀಲಿನ ಪಿನ್ನುಗಳು, ಏಕೆಂದರೆ ಇಲ್ಲಿ ಸಾದಾ ಪಿನ್ನು ಬೇಗ ತುಕ್ಕು ಹಿಡಿಯುತ್ತದೆ. ಪ್ರತಿ ಬದಿಯ ನಡುವಿನಿಂದ ಶುರುಮಾಡಿ, ಎದುರುಬದುರಾಗಿ ಹೊಡೆಯುತ್ತ ಮೂಲೆಗಳನ್ನು ಕೊನೆಗೆ ಮಡಚುತ್ತೇನೆ. ಬೆಣೆಗಳನ್ನು ಸದ್ಯಕ್ಕೆ ಸುಮ್ಮನೆ ಸಿಕ್ಕಿಸಿಟ್ಟಿರುತ್ತೇನೆ. ತಟ್ಟುವ ಕೆಲಸ ಆಷಾಢದ ಮಳೆಗೆ ಬಟ್ಟೆ ಸಡಿಲಾದಾಗ.