ಎಳೆಯ ಪೈರು ಹೂವಿನ ಸೂಚನೆಗೆ ಓಗೊಡುವುದು ಯಾವಾಗ?

ಕೇಳುಗರೆಲ್ಲರಿಗೂ ನಮಸ್ಕಾರ.

ಕೊಡಗಿನ ಗದ್ದೆಗಳಲ್ಲಿ ಜೂನ್ ಮಳೆಗೆ ಅಗೆ ಹಾಕಿ, ಜುಲೈ–ಆಗಸ್ಟ್‌ನಲ್ಲಿ ನಾಟಿ ಮಾಡಿದ ದೀರ್ಘಾವಧಿಯ ಭತ್ತ ಮಳೆಗಾಲ ಹಿಂದೆಗೆಯುವ ಹೊತ್ತಿಗೆ ಹೊಡೆ ತುಂಬಿ, ಪುತ್ತರಿಯಲ್ಲಿ ಕದಿರು ತೆಗೆಯಲು ಒದಗುತ್ತದೆ. ನಾಟಿ ಎರಡು ವಾರ ತಡವಾದರೂ ಹಳೆಯ ತಳಿಗಳು ತೆನೆ ಹಾಯುವ ದಿನ ಅಷ್ಟೇ ಪ್ರಮಾಣದಲ್ಲಿ ಮುಂದಕ್ಕೆ ಹೋಗುವುದಿಲ್ಲ ಎಂಬುದನ್ನು ಬೇಸಾಯಗಾರರು ಬಲ್ಲರು. ಆ ತಳಿಗಳು ಹಗಲಿನ ಉದ್ದವನ್ನು ಗಮನಿಸುವುದೇ ಇದಕ್ಕೆ ಕಾರಣ. ನಮ್ಮ ಜಿಲ್ಲೆಯಲ್ಲಿ ಜೂನ್ ಕೊನೆಯ ಹಗಲು ಸುಮಾರು 12 ಗಂಟೆ 50 ನಿಮಿಷವಿದ್ದರೆ ಡಿಸೆಂಬರಿನದು 11 ಗಂಟೆ 25 ನಿಮಿಷದಷ್ಟು. ಒಂದೂವರೆ ಗಂಟೆಗೂ ಕಡಿಮೆಯಾದ ಈ ವ್ಯತ್ಯಾಸದೊಳಗೇ ಭತ್ತ ತನ್ನ ಕಾಲವನ್ನು ಗುರುತಿಸಿಕೊಳ್ಳುತ್ತದೆ.

ಆದರೆ ಇಲ್ಲೊಂದು ಪ್ರಶ್ನೆ ಏಳುತ್ತದೆ. ಹಗಲು ಕಿರಿದಾಗುವುದೇ ಹೂವಿಗೆ ಸೂಚನೆಯೆಂದಾದರೆ, ಡಿಸೆಂಬರಿನಲ್ಲಿ ಬಿತ್ತಿದ ಬೀಜ ಎರಡೆಲೆ ಬಿಟ್ಟ ಕೂಡಲೇ ತೆನೆಗೆ ತಿರುಗಬೇಕಿತ್ತು, ಹಾಗೆ ಆಗುವುದಿಲ್ಲ. ಅಂಥ ಪೈರು ಗಿಡ್ಡವಾಗಿಯೇ ಬೇಗ ತೆನೆಬಿಡಬಹುದು, ಆದರೆ ಮೊಳಕೆಯಾಗಿದ್ದಾಗಲೇ ಬಿಡುವುದಿಲ್ಲ. ಸೂಚನೆ ಎದುರಿಗಿದ್ದರೂ ಅದಕ್ಕೆ ಸ್ಪಂದಿಸುವ ಶಕ್ತಿ ಎಳೆಯ ಪೈರಿಗೆ ಇನ್ನೂ ಬಂದಿರುವುದಿಲ್ಲ. ಭತ್ತದ ವಿಜ್ಞಾನಿಗಳು ಈ ಅವಧಿಯನ್ನು ಮೂಲ ಬೆಳವಣಿಗೆಯ ಹಂತವೆಂದು ಕರೆದು, ಅಳೆಯಲು ಸರಳವಾದ ಉಪಾಯವೊಂದನ್ನು ಕಂಡುಕೊಂಡಿದ್ದಾರೆ: ಪೈರನ್ನು ಮೊದಲ ದಿನದಿಂದಲೇ ಹತ್ತು ಗಂಟೆಯ ಹಗಲಿನಲ್ಲಿ ಬೆಳೆಸಿ, ಬಿತ್ತಿದಂದಿನಿಂದ ಹೂಬಿಡುವವರೆಗಿನ ದಿನಗಳಿಂದ, ತೆನೆಯ ಮೊಳಕೆ ಹುಟ್ಟಿ ಹೂವಾಗಲು ಬೇಕಾದ ಸುಮಾರು 35 ದಿನಗಳನ್ನು ಕಳೆಯುತ್ತಾರೆ. ಉಳಿದದ್ದು ಹೂವಿನ ಸೂಚನೆಗೆ ಪೈರು ಕಿವುಡಾಗಿದ್ದ ಕಾಲ. ತಳಿಯಿಂದ ತಳಿಗೆ ಇದು ಹತ್ತು ದಿನಗಳಿಂದ ಅರವತ್ತಕ್ಕೂ ತುಸು ಹೆಚ್ಚು ದಿನಗಳವರೆಗೆ ಬದಲಾಗುತ್ತದೆ.

ಈ ಶಕ್ತಿ ಬರುವುದು ಎಲ್ಲಿ? ಬೆಳಕನ್ನು ಗ್ರಹಿಸುವುದು ಎಲೆ, ತೆನೆಯಾಗಿ ಮಾರ್ಪಡುವುದು ಬುಡದ ಸಮೀಪ ಎಲೆಗವಚಗಳೊಳಗೆ ಅಡಗಿರುವ ಕುಡಿ. ಎಲೆಯಿಂದ ಕುಡಿಗೆ ಯಾವುದೋ ವಸ್ತು ಸಾಗಬೇಕೆಂದು ರಷ್ಯಾದ ಮಿಖಾಯಿಲ್ ಚೈಲಖ್ಯಾನ್ 1930ರ ದಶಕದಲ್ಲಿ ಊಹಿಸಿ ಅದನ್ನು ಫ್ಲೋರಿಜೆನ್ ಎಂದು ಕರೆದರು. ಭತ್ತದಲ್ಲಿ ಆ ವಸ್ತು ಎಚ್‌ಡಿ3ಎ ಎಂಬ ಪ್ರೋಟೀನು ಎಂದೂ, ಅದು ಎಲೆಯಲ್ಲಿ ಹುಟ್ಟಿ ಕುಡಿಯನ್ನು ತಲುಪುತ್ತದೆಂದೂ ಜಪಾನಿನ ಸಂಶೋಧಕರು 2007ರಲ್ಲಿ ತೋರಿಸಿದರು. ಹಾಗಾಗಿ ಪೈರು ಪ್ರೌಢವಾಗುವುದೆಂದರೆ ಎರಡು ಕಡೆಯ ಸಿದ್ಧತೆ: ಎಲೆ ಸಾಕಷ್ಟು ಸಂದೇಶವನ್ನು ತಯಾರಿಸುವಂತಾಗಬೇಕು, ಕುಡಿ ಅದನ್ನು ಸ್ವೀಕರಿಸುವಂತಾಗಬೇಕು.

ಇದನ್ನು ತಡೆಹಿಡಿಯುವ ಅಂಶಗಳಲ್ಲಿ ಚೆನ್ನಾಗಿ ತಿಳಿದಿರುವುದು ಮಿರ್-156 ಎಂಬ ಪುಟ್ಟ ಆರ್‌ಎನ್‌ಎ ತುಣುಕು. ಎಳೆತನದಲ್ಲಿ ಇದು ಹೇರಳವಾಗಿದ್ದು, ಪ್ರೌಢತೆಗೆ ಒಯ್ಯುವ ಜೀನುಗಳನ್ನು ಅದುಮಿಡುತ್ತದೆ. ಎಲೆಯ ಮೇಲೆ ಎಲೆ ಬರುತ್ತಿದ್ದಂತೆ ಕಡಿಮೆಯಾಗುತ್ತ, ಮಿರ್-172 ಎಂಬ ಇನ್ನೊಂದಕ್ಕೆ ಎಡೆಮಾಡಿಕೊಡುತ್ತದೆ. ಹುಲ್ಲಿನ ಜಾತಿಗೇ ಸೇರಿದ ಮುಸುಕಿನ ಜೋಳದಲ್ಲಿ ಈ ಬದಲಾವಣೆ ಕಣ್ಣಿಗೇ ಕಾಣುತ್ತದೆ: ಮೊದಲ ಐದಾರು ಎಲೆಗಳ ಮೇಲೆ ಮೇಣದ ಬೂದು ಲೇಪವಿದ್ದು ನೀರು ಹನಿಹನಿಯಾಗಿ ಜಾರಿಹೋಗುತ್ತದೆ, ಮುಂದಿನ ಎಲೆಗಳು ಹೊಳಪೇರಿ ರೋಮ ತಳೆಯುತ್ತವೆ. ಮಿರ್-156 ಅತಿಯಾದ ಒಂದು ವಿಕೃತ ಜೋಳವಂತೂ ಎಳೆತನವನ್ನೇ ಬಿಡದೆ, ಪೊದೆಯಂತೆ ತೆಂಡೆಯೊಡೆಯುತ್ತ ಹುಲ್ಲಾಗಿಯೇ ಉಳಿಯುತ್ತದೆ.

ಚಳಿದೇಶದ ಹುಲ್ಲುಗಳಲ್ಲಿ ಸೂಚನೆ ಹಗಲಲ್ಲ, ಮೊದಲಿಗೆ ಚಳಿ. ಚಳಿಗಾಲದ ಗೋಧಿಯ ನೆನೆದ ಬೀಜವೇ ಚಳಿಯನ್ನು ಗ್ರಹಿಸಬಲ್ಲದು. ಅಲ್ಲಿನ ಮೇವಿನ ಹುಲ್ಲಾದ ಕಾಕ್ಸ್‌ಫುಟ್‌ಗೆ ಆ ಶಕ್ತಿ ಬೀಜದಲ್ಲಿಲ್ಲ, ಕೆಲವು ವಾರ ಬೆಳೆದ ಮೇಲಷ್ಟೇ ಬರುತ್ತದೆ. ನಮ್ಮ ಕಾಡಿನ ಹೆಬ್ಬಿದಿರೂ ಹುಲ್ಲೇ ಆಗಿದ್ದು, ಹೂಬಿಡಲು ದಶಕಗಳನ್ನು ತೆಗೆದುಕೊಳ್ಳುತ್ತದೆ. ಅದರ ಗಡಿಯಾರದ ಗುಟ್ಟು ಬೇರೆಯೇ ಒಂದು ಭಾಷಣಕ್ಕೆ ಸಾಕು.

ಈ ತಿಳಿವಳಿಕೆ ಗದ್ದೆಯಲ್ಲಿ ಬಳಕೆಗೆ ಬರುವುದು ಅಗೆಯ ವಯಸ್ಸಿನ ವಿಚಾರದಲ್ಲಿ. ಪೈರಿನ ಎಳೆತನ ಕಳೆಯುವುದು ನಾಟಿಯ ದಿನದಿಂದಲ್ಲ, ಬಿತ್ತಿದ ದಿನದಿಂದ. ಹಗಲಿನ ಉದ್ದವನ್ನು ಲೆಕ್ಕಿಸದ ಅಲ್ಪಾವಧಿ ತಳಿಯ ಅಗೆಯನ್ನು, ಮಳೆ ಕೈಕೊಟ್ಟಿತೆಂದು ಮಡಿಯಲ್ಲೇ ಹೆಚ್ಚು ದಿನ ಬಿಟ್ಟರೆ, ಅದು ಅಲ್ಲಿಯೇ ಪ್ರೌಢವಾಗಿ ಗಿಣ್ಣು ಕಟ್ಟಲಾರಂಭಿಸುತ್ತದೆ. ನಾಟಿಯಾದ ಮೇಲೆ ತೆಂಡೆಯೊಡೆಯಲು ಸಮಯ ಸಾಲದೆ, ಸಣ್ಣ ತೆನೆಗಳನ್ನು ಬೇಗನೆ ಹಾಯಿಸಿಬಿಡುತ್ತದೆ. ಹಗಲಿಗೆ ಸ್ಪಂದಿಸುವ ದೀರ್ಘಾವಧಿ ತಳಿಯಾದರೋ ಪ್ರೌಢವಾದ ಮೇಲೂ ಹಗಲು ಕಿರಿದಾಗುವುದನ್ನು ಕಾಯುತ್ತದೆ; ಆದ್ದರಿಂದ ಅಗೆ ಸ್ವಲ್ಪ ಬಲಿತರೂ ಅದು ತಾಳಿಕೊಳ್ಳುತ್ತದೆ. ನೀರು ಯಾವಾಗ ಸಿಗುವುದೆಂದು ಖಚಿತವಿಲ್ಲದ ಗದ್ದೆಗೆ ಅಲ್ಪಾವಧಿ ತಳಿಯನ್ನೇ ಆರಿಸಿಕೊಂಡವರು ಅಗೆಯನ್ನು ಒಂದೇ ಬಾರಿಗೆ ಹಾಕದೆ, ವಾರದ ಅಂತರದಲ್ಲಿ ಎರಡು ಮಡಿ ಮಾಡಿಕೊಳ್ಳುವುದು ಲೇಸೆಂದು ನನ್ನ ಅಭಿಪ್ರಾಯ. ಬೀಜದ ಖರ್ಚು ತುಸು ಹೆಚ್ಚಾದೀತು, ಆದರೆ ನೀರು ಬಂದ ದಿನ ಎಳೆಯ ಅಗೆ ಕೈಯಲ್ಲಿರುತ್ತದೆ.

ನಮಸ್ಕಾರ.